ಒಂದು ಗೇಣು ಬೀದಿ

ನಮ್ಮ ಊರಿನಲ್ಲಿ ಸೈರನ್ ಕೂಗದೆ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಇದನ್ನು ಕೇಳಿ ಹೊರಗಿನವರು ನಗುತ್ತಾರೆ. ನಗಲಿ. ಅವರ ಊರುಗಳಲ್ಲಿ ಸೈರನ್ನಿನ ಹಂಗೇ ಇಲ್ಲದೆ, ಹೊತ್ತುಗೊತ್ತು ನೋಡದೆ, ಒಬ್ಬರ ಮನೆಗೆ ಇನ್ನೊಬ್ಬರು ನುಗ್ಗುತ್ತಾರಂತೆ. ಅದನ್ನು ಕೇಳಿ ನಾವೂ ನಗುತ್ತೇವೆ.

ಊರು ಜರ್ಮನಿಯಲ್ಲಿದೆ. ಜರ್ಮನಿಯಲ್ಲಿ ಎಲ್ಲಿ ಎಂದು ಕೇಳಬೇಡಿ. ನಕ್ಷೆ ಬರೆಯುವವರು ಬಂದ ಎರಡು ಸಲವೂ ಹೊಗೆ ದಟ್ಟವಾಗಿತ್ತು, ಅವರು ನದಿಯನ್ನಷ್ಟೇ ಬರೆದುಕೊಂಡು ಹೋದರು. ನದಿಯ ಆ ದಂಡೆಯ ಮೇಲೆ ಕಾರ್ಖಾನೆ, ಈ ದಂಡೆಯ ಮೇಲೆ ನಾವು. ಕಾರ್ಖಾನೆಯಲ್ಲಿ ಬಣ್ಣ, ಗೊಬ್ಬರ, ತಲೆನೋವಿನ ಗುಳಿಗೆ ಮತ್ತು ತಲೆನೋವು, ಈ ನಾಲ್ಕೂ ತಯಾರಾಗುತ್ತವೆ. ನಮ್ಮವರು ಇಲ್ಲಿಗೆ ಬಂದದ್ದು ಬಣ್ಣದ ದೆಸೆಯಿಂದ. ನನ್ನ ಮುತ್ತಜ್ಜ ಧಾರವಾಡ ಸೀಮೆಯ ನೀಲಗಾರ, ಹಂಡೆಯಲ್ಲಿ ನೀಲಿ ಹದಮಾಡಿ ನೂಲು ಅದ್ದುವ ಕಸುಬಿನವನು. ಕಂಪನಿಯವರು ಗಿಡವಿಲ್ಲದೆ ನೀಲಿ ಮಾಡಲು ಹೊರಟಾಗ, ಮಾಡಿದ್ದು ಸರಿಯಾದ ನೀಲಿ ಹೌದೋ ಅಲ್ಲವೋ ಹೇಳಲು ಅಂಥ ಹದಿನಾಲ್ಕು ಮನೆತನಗಳನ್ನು ಹಡಗು ಹತ್ತಿಸಿಕೊಂಡು ಬಂದರು. ನಮ್ಮವರು ಮೂರು ವರ್ಷ ಅಲ್ಲ ಅಂದರು. ನಾಲ್ಕನೆಯ ವರ್ಷ ಹೌದು ಅಂದರು. ಹೌದು ಅಂದ ದಿನವೇ ಅವರ ಕೆಲಸ ಮುಗಿಯಿತು. ವಾಪಸು ಹೋಗೋಣವೆಂದರೆ, ಅವರು ಹೌದು ಅಂದ ನೀಲಿ ಅವರಿಗಿಂತ ಮೊದಲೇ ಊರು ಮುಟ್ಟಿ ಅಲ್ಲಿಯ ಹಂಡೆಗಳನ್ನೆಲ್ಲ ಬೋರಲು ಹಾಕಿಸಿತ್ತು. ಹೀಗಾಗಿ ಇಲ್ಲೇ ಉಳಿದರು. ನೀಲಗಾರ ಗಲ್ಲಿ ಅಂದರೆ ನಮ್ಮದೇ.

ಸೈರನ್ನಿನ ವಿಷಯ ಹೀಗೆ. ಕಾರ್ಖಾನೆಯಲ್ಲಿ ಏನಾದರೂ ಸೋರಿದರೆ ಮಂದಿ ಏನು ಮಾಡಬೇಕೆಂದು ಅಭ್ಯಾಸ ಮಾಡಿಸಲು ಪ್ರತಿ ತಿಂಗಳ ಮೊದಲ ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಸೈರನ್ ಕೂಗುತ್ತದೆ. ಆಗ ಬೀದಿಯಲ್ಲಿದ್ದವರು ಹತ್ತಿರದ ಬಾಗಿಲು ಹೊಗಬೇಕು. ಮನೆಯವರು ಬೇಡ ಅನ್ನುವಂತಿಲ್ಲ. ಕದ ಕಿಟಕಿ ಮುಚ್ಚಿ ಎರಡನೆಯ ಸೈರನ್ ಕೂಗುವ ತನಕ ಒಳಗೇ ಕೂರಬೇಕು. ಅದು ಇಪ್ಪತ್ತು ನಿಮಿಷಕ್ಕೂ ಕೂಗಬಹುದು, ಮೂರು ತಾಸಿಗೂ ಕೂಗಬಹುದು. ಅಷ್ಟು ಹೊತ್ತು ಎದುರುಬದುರು ಕೂತವರಿಗೆ ಏನಾದರೂ ತಿನ್ನಲು ಕೊಡದೆ ಇರಲಾದೀತೇ? ಹೀಗೆ ಶುರುವಾದದ್ದು ಊರಿನ ರೂಢಿಯಾಯಿತು. ಇಲ್ಲಿ ಹೆಣ್ಣು ನೋಡುವುದು ಸೈರನ್ನಿಗೆ, ಗಂಡು ಒಪ್ಪುವುದು ಸೈರನ್ನಿಗೆ, ಸತ್ತವರ ಮನೆಗೆ ಹೋಗಿ ಕಣ್ಣೊರೆಸುವುದೂ ಸೈರನ್ನಿಗೇ. ಬೇರೆ ದಿನ ಯಾರಾದರೂ ಬಾಗಿಲು ತಟ್ಟಿದರೆ ನಾವು ಪೊಲೀಸರಿರಬೇಕು ಅಂದುಕೊಳ್ಳುತ್ತೇವೆ.

ಹತ್ತಿರದ ಬಾಗಿಲು ಯಾವುದು ಅನ್ನುವುದರ ಮೇಲೆ ಆರಂಭದಲ್ಲಿ ಬಹಳ ಜಗಳಗಳಾದವಂತೆ. ಒಬ್ಬ ಜಡ್ಜು ಮೂರು ಬಾಗಿಲು ದಾಟಿ ಓಡಿ, ಪ್ಲಮ್ ಕೇಕಿಗೆ ಹೆಸರಾದ ಮನೆಯನ್ನೇ ಹೊಕ್ಕನಂತೆ. ಆಗ ಕಂಪನಿ ಬೀದಿಗಳನ್ನೆಲ್ಲ ಅಳೆಸಿ, ಇಷ್ಟು ಜಾಗದಲ್ಲಿ ನಿಂತವರು ಈ ಮನೆಯ ಪಾಲು ಎಂದು ನೀಲಿ ಗೆರೆ ಎಳೆಸಿತು. ನಿಯಮ ಮುರಿದವರ ಪಾಲಿನಿಂದ ಒಂದಿಷ್ಟು ಬೀದಿಯೇ ದಂಡವಾಗಿ ಎದುರು ಮನೆಗೆ ಹೋಗುತ್ತಿತ್ತು. ಇದಕ್ಕೆಲ್ಲ ಒಬ್ಬ ಅಧಿಕಾರಿಯನ್ನೂ ನೇಮಿಸಿತು. ನಮ್ಮ ಕಾಲದಲ್ಲಿ ಆ ಕೆಲಸ ಝೀಬೋಲ್ಡ್ ಎಂಬವರದು. ನಾವು ಗೆರೆ ಸಾಹೇಬರು ಅನ್ನುತ್ತೇವೆ. ಉದ್ದನೆಯ ಮನುಷ್ಯ, ಬಗಲಲ್ಲಿ ಅಳತೆಯ ಪಟ್ಟಿ. ನಮ್ಮ ಗಲ್ಲಿಗೆಂದು ಕನ್ನಡ ಕಲಿತರು. ಆದರೆ ಕಲಿತದ್ದು ಕಂಪನಿಯ ಸುತ್ತೋಲೆಗಳಿಂದ. ನೆಗಡಿಯಾಗಿದೆ ಅನ್ನುವುದನ್ನೂ ಅವರು ಸುತ್ತೋಲೆ ಹೊರಡಿಸಿದಂತೆಯೇ ಹೇಳುತ್ತಿದ್ದರು.

ನನ್ನ ಹೆಸರು ಕಾಶವ್ವ. ನನ್ನ ಮನೆಯ ಎದುರು ಮನೆ ನನ್ನ ಅಕ್ಕ ಚಂದ್ರವ್ವನದು. ಭಾವ ಹೋಗಿ ಹದಿನಾಲ್ಕು ವರ್ಷವಾಯಿತು, ಮಕ್ಕಳಿಲ್ಲ, ಒಬ್ಬಳೇ ಇರುತ್ತಾಳೆ. ಗಲ್ಲಿಯ ಅಗಲ ಎಂಟು ಹೆಜ್ಜೆ, ನಡುವೆ ನೀಲಿ ಗೆರೆ. ಗಲ್ಲಿಯ ಬಾಯಿಯಲ್ಲಿ ಕಾರ್ಖಾನೆಯ ಬಸ್ಸು ನಿಲ್ಲುವ ಕಂಬ. ಆ ಕಂಬ ಮೊದಲಿಂದಲೂ ಗೆರೆಯ ಈಚೆಗೆ, ಒಂದು ಗೇಣು ನನ್ನ ಪಾಲಿನಲ್ಲಿತ್ತು. ಬಸ್ಸಿನಿಂದ ಇಳಿದವರು, ಹತ್ತಲು ನಿಂತವರು, ಎಲ್ಲರೂ ಸೈರನ್ನಿಗೆ ನನ್ನ ಮನೆಗೇ ಬರುತ್ತಿದ್ದರು. ಆರು ಏಳು ಮಂದಿಗೆ ಕಡಿಮೆ ಇಲ್ಲ. ಬುಧವಾರ ಬಂತೆಂದರೆ ನಾನು ಬೆಳಗಿನ ಐದಕ್ಕೇ ಎದ್ದು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಹನ್ನೆರಡು ವರ್ಷದ ಕೆಳಗೆ ಗೆರೆಗೆ ಹೊಸ ಬಣ್ಣ ಬಳಿದರು. ಬಳಿದ ಮೇಲೆ ನೋಡಿದರೆ ಕಂಬ ಗೆರೆಯ ಆಚೆಗಿದೆ. ಒಂದು ಗೇಣು ಅಕ್ಕನ ಪಾಲಿನಲ್ಲಿ.

ನನಗೆ ಮೈಯೆಲ್ಲ ಉರಿಯಿತು. ಹಿಂದಿನ ತಿಂಗಳ ಸೈರನ್ನಿಗೆ ಗೆರೆ ಸಾಹೇಬರು ಅಕ್ಕನ ಮನೆಯಲ್ಲಿದ್ದರು, ನಾಲ್ಕು ಶೇಂಗಾ ಹೋಳಿಗೆ ತಿಂದಿದ್ದರು, ಇದು ಇಡೀ ಗಲ್ಲಿಗೆ ಗೊತ್ತಿತ್ತು. ನಾನು ಬಾಗಿಲಲ್ಲಿ ನಿಂತು, ನಾಲ್ಕು ಮಂದಿ ಕೇಳುವ ಹಾಗೆ, "ನಾಕ್ ಹೋಳಿಗಿ ತಿನಿಸಿ ಗೆರಿ ಸರಿಸ್ಕೊಂಡಿ, ಅಲ್ಲನ?" ಅಂದೆ. ಅಕ್ಕನೂ ನಾಲ್ಕು ಮಂದಿ ಕೇಳುವ ಹಾಗೆಯೇ ಹೇಳಿದಳು: "ಮಂದಿ ನನ್ನ ಮನಿಗೆ ಬರೂದು ಗೆರಿ ನೋಡಿ ಅಲ್ಲವ್ವಾ, ಕೈ ರುಚಿ ನೋಡಿ. ನಿನ್ನ ಉಪ್ಪಿಟ್ಟ ತಿನ್ನಾಕ ಮಂದಿಗೆ ಗೆರಿನಽ ಬೇಕಾಗಿತ್ತು." ಅಷ್ಟೇ. ಕದ ಹಾಕಿಕೊಂಡಳು. ನಾನೂ ಹಾಕಿಕೊಂಡೆ. ನಾನು ಕಂಪನಿಗೆ ಅರ್ಜಿ ಬರೆದೆ. ಅವರು ಎರಡು ವರ್ಷ ವಿಚಾರಣೆ ಮಾಡಿ, ಗೆರೆ ಎಳ್ಳಷ್ಟೂ ಸರಿದಿಲ್ಲ, ಬಸ್ಸು ತಾಗಿ ಕಂಬ ವಾಲಿದೆ ಎಂದು ಉತ್ತರ ಕೊಟ್ಟರು. ಆದರೆ ಎರಡು ವರ್ಷ ಮಾತುಬಿಟ್ಟವರಿಗೆ ಕಾರಣ ಬೇಕಾಗುವುದಿಲ್ಲ. ಆ ಕಾಗದ ಮಡಚಿ ಮೇಜಿನ ಕುಂಟುಗಾಲಿನ ಕೆಳಗಿಟ್ಟೆ.

ಅಲ್ಲಿಂದ ನನ್ನ ಬುಧವಾರಗಳು ಬರಿದಾದವು. ಒಂದು ಸಲ ಯಾರದೋ ನಾಯಿ ಬಂತು. ಇನ್ನೊಂದು ಸಲ ಗ್ಯಾಸ್ ಮೀಟರ್ ಓದುವವನು ಬಂದ, ಅವನಿಗೆ ಹೊಟ್ಟೆನೋವು. ನನ್ನ ಗಂಡ ಬಸಲಿಂಗಪ್ಪನ ಮಾತು ಬೇರೆ. ಅವರು ಆಗಿನ್ನೂ ಬಣ್ಣದ ವಿಭಾಗದಲ್ಲಿದ್ದರು. ಬುಧವಾರದ ಪಾಳಿ ಹನ್ನೊಂದೂವರೆಗೆ ಮುಗಿಯುತ್ತಿತ್ತು, ಬಸ್ಸು ಹನ್ನೆರಡಕ್ಕೆ ಸರಿಯಾಗಿ ಕಂಬದ ಹತ್ತಿರ ಇಳಿಸುತ್ತಿತ್ತು. ಕಾನೂನಿನ ಪ್ರಕಾರ ಅವರು ಅಕ್ಕನ ಮನೆ ಹೊಗಲೇಬೇಕು. ನಿವೃತ್ತರಾದ ಮೇಲೂ ಏನಾದರೊಂದು ನೆಪ ಹೂಡಿ ಹನ್ನೆರಡಕ್ಕೆ ಕಂಬದ ಹತ್ತಿರವೇ ಇರುತ್ತಿದ್ದರು. ಎಂಟು ಹೆಜ್ಜೆ ದೂರದಲ್ಲಿ ನನ್ನ ಗಂಡ ನನ್ನ ಅಕ್ಕನ ಮನೆಯಲ್ಲಿ ಕೂತು ಉಣ್ಣುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಮನೆಗೆ ಬಂದಾಗ "ಏನ್ ಮಾಡಿದ್ಳು?" ಅನ್ನುತ್ತಿದ್ದೆ. ಅವರು ಮೀಸೆ ಒರೆಸಿಕೊಂಡು, "ಜುಣಕಾ. ಉಪ್ಪು ಒಂಚೂರು ಕಮ್ಮಿ ಇತ್ತು," ಅನ್ನುತ್ತಿದ್ದರು. ಪ್ರತಿ ಸಲವೂ ಉಪ್ಪು ಒಂಚೂರು ಕಮ್ಮಿಯೇ. ಒಳ್ಳೆಯ ಮನುಷ್ಯ.

ನಿಜ ಹೇಳುತ್ತೇನೆ. ಮೂರು ನಾಲ್ಕು ವರ್ಷ ಕಳೆದ ಮೇಲೆ ನನಗೆ ಕಂಬ ಬೇಕಾಗಿರಲಿಲ್ಲ, ಅಕ್ಕ ಬೇಕಾಗಿದ್ದಳು. ಅವ್ವ ಸತ್ತ ಮೇಲೆ ನನ್ನ ತಲೆ ಬಾಚಿ ಬೆಳೆಸಿದವಳು ಅವಳು. ಸೈರನ್ನಿನ ಪ್ರತಿ ಬುಧವಾರ ಇಬ್ಬರಿಗೆಂದು ತಟ್ಟೆ ಇಟ್ಟು, ಇವತ್ತು ಸೈರನ್ ಕೂಗುವಾಗ ಅಕ್ಕ ಬೀದಿಯಲ್ಲಿರಲಿ, ಗೆರೆಯ ಈಚೆಗಿರಲಿ ಎಂದು ಕಾಯುತ್ತಿದ್ದೆ. ಅವಳು ಬರಲಿಲ್ಲ. ಬರುವುದಾದರೂ ಹೇಗೆ? ಅವಳೂ ಒಳಗೇ ಇರುತ್ತಿದ್ದಳು. ನಾನೇ ಹೊರಬಿದ್ದು ಅವಳ ಪಾಲಿನಲ್ಲಿ ನಿಂತುಕೊಳ್ಳಬಹುದಿತ್ತು. ಆದರೆ ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಕೆಲಸವಿಲ್ಲದೆ ಒಬ್ಬರ ಬಾಗಿಲ ಮುಂದೆ ಸುಳಿದಾಡಿದರೆ ನಮ್ಮಲ್ಲಿ ಅದಕ್ಕೆ ಒಂದೇ ಅರ್ಥ, ಮತ್ತು ಇಡೀ ಗಲ್ಲಿ ಕಿಟಕಿಯಲ್ಲಿರುತ್ತದೆ. ಸೋತಳು ಅನ್ನುತ್ತಾರೆ. ಹಾಗೆ ಅನ್ನಿಸಿಕೊಳ್ಳಲು ನನಗೆ ಹನ್ನೊಂದು ವರ್ಷ ಸಾಲಲಿಲ್ಲ.

ಹೋದ ವರ್ಷ ಸುಗ್ಗಿಯ ಹೊತ್ತಿಗೆ ಕಂಪನಿಯ ನೋಟೀಸು ಬಂತು. ಸೈರನ್ ಹಳೆಯ ಕಾಲದ್ದಾಯಿತು, ಅಕ್ಟೋಬರಿನ ಮೊದಲ ಬುಧವಾರ ಅದು ಕೊನೆಯ ಸಲ ಕೂಗುತ್ತದೆ. ಮರುದಿನದಿಂದ ಎಚ್ಚರಿಕೆ ಪ್ರತಿಯೊಬ್ಬರ ಮೊಬೈಲಿಗೇ ಬರುತ್ತದೆ. ಎಲ್ಲಿದ್ದರೂ ಐದು ನಿಮಿಷ ಮುಂಚೆ ತಿಳಿಯುವುದರಿಂದ ಜನ ತಮ್ಮ ತಮ್ಮ ಮನೆಗೇ ಹೋಗಿ ಕದ ಹಾಕಿಕೊಳ್ಳಬಹುದು. ಬೀದಿಯ ಪಾಲು, ಗೆರೆ, ಎಲ್ಲ ರದ್ದು.

ಊರು ಸಿಡಿದೆದ್ದಿತು. ವಿಷದ ಗಾಳಿ ಸೋರಿದ ಮೂರು ಸಲವೂ ಇಷ್ಟು ಮಂದಿ ಬೀದಿಗಿಳಿದಿರಲಿಲ್ಲ. ಹೊರಗೆ ಬರಬೇಡಿ ಅಂದಿದ್ದರು, ಬಂದಿರಲಿಲ್ಲ. ಈಗ ನಾಲ್ಕು ಸಾವಿರ ಮಂದಿ ಸಹಿ ಹಾಕಿದರು. ಅನಿಲ ಸೋರಿದರೆ ಸೋರಲಿ, ಸೈರನ್ ನಿಲ್ಲಿಸಬೇಡಿ ಎಂಬ ಬರಹದ ಬಟ್ಟೆ ಹಿಡಿದು ಸೇತುವೆಯ ಮೇಲೆ ನಿಂತರು. ಕಂಪನಿಯ ಉತ್ತರ ಬಹಳ ವಿನಯದ್ದಾಗಿತ್ತು. ಎಚ್ಚರಿಕೆಯ ವ್ಯವಸ್ಥೆಯಿಂದ ಊರಿನಲ್ಲಿ ನಂಟಸ್ತಿಕೆ, ಮದುವೆ, ಮಾತುಕತೆ ಮುಂತಾದವು ಹುಟ್ಟಿಕೊಂಡಿರುವುದು ನಮ್ಮ ಗಮನಕ್ಕೆ ಬಂದಿದೆ, ಇವು ಉದ್ದೇಶಿಸದ ಉಪ-ಉತ್ಪನ್ನಗಳು, ಉಪ-ಉತ್ಪನ್ನಗಳಿಗೆ ಕಂಪನಿ ಹಿಂದೆಯೂ ಹೊಣೆಯಾಗಿಲ್ಲ ಎಂದು ಬರೆದಿದ್ದರು. ನದಿಯ ಬಗ್ಗೆ ಕೇಳಿದಾಗಲೂ ಇದೇ ಉತ್ತರ ಕೊಟ್ಟಿದ್ದರು.

ನನ್ನ ಎದೆ ಒಡೆಯಿತು. ಇನ್ನು ಸೈರನ್ನಿಲ್ಲ ಅಂದರೆ ಅಕ್ಕನ ಮನೆಗೆ ಹೋಗಲು ದಾರಿಯೇ ಇಲ್ಲ. ಎಂಟು ಹೆಜ್ಜೆಯ ಆಚೆ ಅವಳು ಮುದುಕಿಯಾಗುತ್ತಾಳೆ, ಈಚೆ ನಾನು. ಆಮೇಲೊಂದು ದಿನ ಇಬ್ಬರಲ್ಲಿ ಒಬ್ಬರ ಕಿಟಕಿ ಕತ್ತಲಾಗಿರುತ್ತದೆ. ಕೊನೆಯ ಸೈರನ್ನಿನ ಹಿಂದಿನ ಸಂಜೆ ಗಂಡನಿಗೆ ಹೇಳಿದೆ, "ನಾಳೆ ನಾ ಹೊರಗ ಇರ್ತೀನ್ರಿ. ಆಕಿ ಕಡೆ."

ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಮಂದಿ ನೋಡ್ತಾರ."

"ನೋಡ್ಲಿ."

"ಹಂಗಾರ ನಾ ಕಂಬದ ಹಂತ್ಯಾಕ ಇರೂದಿಲ್ಲ. ಕಾರ್ಖಾನಿ ಕಡೆ ಹೋಗ್ತೀನಿ. ಸೈರನ್ನಿಗೆ ಬೀಳ್ಕೊಡುಗಿ ಮಾಡ್ತಾರಂತ, ಬ್ಯಾಂಡ್ ಐತಂತ." ಪುಟ ತಿರುವಿ, "ನೀವಿಬ್ರೂ ಮಾತಾಡೂದು ನೋಡಾಕ ನನಗ ಧೈರ್ಯ ಇಲ್ಲ," ಅಂದರು.

ಬುಧವಾರ ಬೆಳಿಗ್ಗೆ ಕೈ ತಡೆಯದೆ ಉಪ್ಪಿಟ್ಟು ಮಾಡಿದೆ. ಎರಡು ತಟ್ಟೆಯನ್ನೂ ಇಟ್ಟೆ. ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ಬಾಗಿಲು ತೆರೆದು, ನೆಲ ನೋಡಿಕೊಂಡು, ಗೆರೆ ದಾಟಿ, ಅಕ್ಕನ ಕಿಟಕಿಯ ಕೆಳಗಿನ ಹೂವಿನ ಕುಂಡಗಳನ್ನು ಎಣಿಸುತ್ತ ನಿಂತೆ. ಐದು ಕುಂಡ. ಐದನ್ನೇ ನಾಲ್ಕು ಸಲ ಎಣಿಸಿದೆ. ಅಂದು ಬಸ್ಸಿರಲಿಲ್ಲ, ಡ್ರೈವರುಗಳೆಲ್ಲ ಬೀಳ್ಕೊಡುಗೆಗೆ ಹೋಗಿದ್ದರು. ಕಂಬದ ಹತ್ತಿರ ನರಪಿಳ್ಳೆಯಿಲ್ಲ. ಗೆರೆ ಸಾಹೇಬರೊಬ್ಬರು ಮಾತ್ರ ಗೆರೆಯ ಮೇಲೆ ಅಳತೆಯ ಪಟ್ಟಿ ಹಿಡಿದು ನಿಂತು, ನನ್ನ ಬೆನ್ನ ಹಿಂದೆ ಏನನ್ನೋ ನೋಡುತ್ತಿದ್ದರು. ನಾನೂ ತಿರುಗಿ ನೋಡಿದೆ. ನನ್ನ ಮನೆಯ ಹೊಸ್ತಿಲ ಮುಂದೆ, ಸಣ್ಣ ಅಂಚಿನ ನೀಲಿ ಸೀರೆ ಉಟ್ಟು, ನನ್ನ ಬಾಗಿಲ ಹಿಡಿಕೆಯನ್ನು ಬಹಳ ಆಸ್ಥೆಯಿಂದ ನೋಡುತ್ತ ಅಕ್ಕ ನಿಂತಿದ್ದಳು. ನಾನು ಹೊರಬೀಳುವುದಕ್ಕೂ ಅವಳು ಹಿತ್ತಿಲ ಕಡೆಯಿಂದ ಸುತ್ತಿ ಬರುವುದಕ್ಕೂ ಸರಿಹೋಗಿತ್ತು. ಅವಳೂ ತಿರುಗಿದಳು. ಇಬ್ಬರೂ ಒಟ್ಟಿಗೇ ಒಂದು ಕಾಲು ಮುಂದಿಟ್ಟೆವು. ಸೈರನ್ ಕೂಗಿತು.

ಗೆರೆ ಸಾಹೇಬರು ಎರಡೂ ಕೈ ಚಾಚಿ ಅಡ್ಡ ನಿಂತರು. "ಮಾನ್ಯ ಮಹಿಳೆಯರೇ, ಸ್ಥಾನ ನಿಗದಿಯಾಗಿದೆ. ಹತ್ತಿರದ ಬಾಗಿಲನ್ನು ಪ್ರವೇಶಿಸತಕ್ಕದ್ದು."

"ಸಾಹೇಬ್ರ, ಅದು ನನ್ನ ಮನಿ. ಇದು ಆಕೀದು," ಅಂದೆ.

"ಸೈರನ್ನಿನ ಅವಧಿಯಲ್ಲಿ ಒಡೆತನವು ಅಮಾನತಿನಲ್ಲಿರುತ್ತದೆ. ಸಾಮೀಪ್ಯ ಮಾತ್ರ ಚಾಲ್ತಿಯಲ್ಲಿರುತ್ತದೆ."

ಇಂಥ ಮನುಷ್ಯನೊಡನೆ ಯಾರು ವಾದ ಮಾಡುತ್ತಾರೆ? ನಾನು ಅಕ್ಕನ ಮನೆ ಹೊಕ್ಕೆ, ಅಕ್ಕ ನನ್ನ ಮನೆ ಹೊಕ್ಕಳು. ಎರಡು ಕದಗಳೂ ಮುಚ್ಚಿದವು. ಗೆರೆ ಸಾಹೇಬರು ನಿಂತ ಗೆರೆ ಯಾವ ಮನೆಯ ಪಾಲಿಗೂ ಸೇರದ್ದರಿಂದ ಅವರು ಗಲ್ಲಿಯ ಕೊನೆಯಲ್ಲಿದ್ದ ತಮ್ಮ ಗಾಜಿನ ಗೂಡಿಗೆ ಹೋಗಿ ಕೂತರು.

ಒಳಗೆ ನಿಂತ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹನ್ನೊಂದು ವರ್ಷ ಕಾದು ಕೊನೆಗೂ ಅಕ್ಕನ ಮನೆಗೆ ಬಂದಿದ್ದೇನೆ, ಅಕ್ಕನೇ ಇಲ್ಲ. ಮನೆಯಲ್ಲಿ ಅವಳದೇ ವಾಸನೆ, ಸೀಗೆಕಾಯಿ ಮತ್ತು ಹುರಿದ ಶೇಂಗಾ. ನಮ್ಮ ಊರಿನಲ್ಲಿ ಬಂದವರು ಬೂಟು ಬಿಚ್ಚಿ ಮನೆಯವರು ಕೊಟ್ಟ ಬಟ್ಟೆಯ ಮೆಟ್ಟು ಹಾಕಿಕೊಳ್ಳಬೇಕು. ಬಾಗಿಲ ಪಕ್ಕ ಸಾಲಾಗಿ ಏಳು ಜೊತೆ ಇದ್ದವು. ಆರು ಜೊತೆ ಸವೆದು ಚಪ್ಪಟೆಯಾಗಿದ್ದವು, ಅದರಲ್ಲೊಂದು ನನ್ನ ಗಂಡನದೆಂದು ಹಿಮ್ಮಡಿ ನೋಡಿಯೇ ಹೇಳಬಹುದಿತ್ತು. ಏಳನೆಯದನ್ನು ಯಾರೂ ಮೆಟ್ಟಿರಲಿಲ್ಲ. ನೀಲಿ ಬಟ್ಟೆ, ಕೈಹೊಲಿಗೆ, ಅಂಗಾಲಿನಲ್ಲಿ ಒಂದು ಕಲೆಯಿಲ್ಲ. ಬಲಗಾಲಿನದು ಎಡದ್ದಕ್ಕಿಂತ ಹೆಬ್ಬೆರಳ ಕಡೆ ಅರ್ಧ ಬೆರಳು ಅಗಲ. ನನ್ನ ಬಲಗಾಲ ಹೆಬ್ಬೆರಳು ಸೊಟ್ಟ. ಹುಟ್ಟಿನಿಂದ ಹಾಗೆಯೇ, ಅಂಗಡಿಯ ಯಾವ ಮೆಟ್ಟೂ ಆಗುವುದಿಲ್ಲ. ಕಾಲು ತೂರಿಸಿದೆ. ಸರಿಯಾಗಿ ಹೊಂದಿತು, ನಾನು ಅಲ್ಲೇ ಗೋಡೆ ಹಿಡಿದು ಕೂತುಬಿಟ್ಟೆ.

ಮೇಜಿನ ಮೇಲೆ ಎರಡು ತಟ್ಟೆ ಇದ್ದವು. ಒಂದರಲ್ಲಿ ಶೇಂಗಾ ಹೋಳಿಗೆ, ಮೇಲೆ ಬಟ್ಟೆ ಮುಚ್ಚಿತ್ತು. ಪಕ್ಕದಲ್ಲಿ ತುಪ್ಪ. ನಾನು ಕಿಟಕಿಯ ಹತ್ತಿರ ಹೋದೆ. ಎದುರಿಗೆ ನನ್ನ ಕಿಟಕಿಯಲ್ಲಿ ಅಕ್ಕ ಕೂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ತಕ್ಷಣ ಬೇರೆಲ್ಲೋ ನೋಡಿದೆವು. ಪರವಾಗಿಲ್ಲ ಅಂದುಕೊಂಡೆ. ಎರಡನೆಯ ಸೈರನ್ ಕೂಗುತ್ತದೆ, ಕದ ತೆರೆಯುತ್ತದೆ, ಗೆರೆಯ ಮೇಲೆ ಎದುರಾಗುತ್ತೇವೆ. ಆಗ ಏನಾದರೂ ಅನ್ನಲೇಬೇಕಾಗುತ್ತದೆ.

ಎರಡನೆಯ ಸೈರನ್ ಕೂಗಲೇ ಇಲ್ಲ. ಯಾಕೆಂದು ಆಮೇಲೆ ಗಂಡ ಹೇಳಿದರು. ಮೊದಲ ಕೂಗು ಮುಗಿದ ಕೂಡಲೇ ಬ್ಯಾಂಡಿನವರು ಬಾರಿಸಿದರು, ಮೇಯರು ಭಾಷಣ ಮಾಡಿದರು, ನಾಲ್ಕು ಮಂದಿ ಸ್ಪ್ಯಾನರ್ ಹಿಡಿದು ಸೈರನ್ ಬಿಚ್ಚಿ, ಅದಕ್ಕೊಂದು ಹೂವಿನ ಚಕ್ರ ಹಾಕಿ, ಗಾಡಿಯಲ್ಲಿಟ್ಟು ಕಂಪನಿಯ ಮ್ಯೂಸಿಯಮ್ಮಿಗೆ ಒಯ್ದರು. ಇನ್ನೊಂದು ಸಲ ಕೂಗಬೇಕಿತ್ತಲ್ಲ ಅನ್ನುವುದು ಯಾರ ಕಡತದಲ್ಲೂ ಇರಲಿಲ್ಲ. ಹನ್ನೆರಡೂ ಇಪ್ಪತ್ತಕ್ಕೆ ಎಲ್ಲರ ಮೊಬೈಲಿಗೂ ಅಪಾಯವಿಲ್ಲ, ಹೊರಬರಬಹುದು ಎಂಬ ಸಂದೇಶವೇನೋ ಬಂತು. ಹೊಸ ವ್ಯವಸ್ಥೆ ಪ್ರಯೋಗಕ್ಕೆಂದು ಅದನ್ನು ತಾನಾಗಿಯೇ ಕಳಿಸಿತ್ತು. ಮೂಲೆಮನೆಯ ಒಬ್ಬರು ಅದನ್ನು ಗಾಜಿಗೆ ಒತ್ತಿ ಗೆರೆ ಸಾಹೇಬರಿಗೆ ತೋರಿಸಿದರು. ಅವರು ಗೂಡಿನ ಧ್ವನಿವರ್ಧಕದಲ್ಲಿ ಸಾರಿದರು: "ಮೊಬೈಲ್ ಸಂದೇಶವು ನಾಳೆಯಿಂದ ಜಾರಿಗೆ ಬರುತ್ತದೆ. ಇಂದು ಸೈರನ್ನಿಗೆ ಮಾತ್ರ ಮಾನ್ಯತೆ ಇರುತ್ತದೆ. ನಾಗರಿಕರು ಒಳಗೇ ಇರತಕ್ಕದ್ದು."

ನಾಗರಿಕರು ಒಳಗೇ ಇದ್ದರು. ಇಡೀ ಊರಿನ ಕೈಯಲ್ಲಿ ಹೊರಗೆ ಬನ್ನಿ ಅನ್ನುವ ಸಂದೇಶ, ಇಡೀ ಊರು ಒಳಗೆ. ಒಂದಾಯಿತು, ಎರಡಾಯಿತು, ಮೂರಾಯಿತು. ಗಲ್ಲಿಯ ಒಂದೊಂದು ಗಾಜಿನ ಹಿಂದೆಯೂ ಒಂದೊಂದು ಮುಖ. ಒಂದೇ ಒಂದು ಕದ ಅಲುಗಲಿಲ್ಲ. ನಾನೂ ಅಲುಗಾಡಲಿಲ್ಲ, ಸುಳ್ಳು ಯಾಕೆ ಹೇಳಲಿ. ನಾಲ್ಕು ತಲೆಮಾರು ಇಲ್ಲಿದ್ದ ಮೇಲೆ ಅದು ರಕ್ತದಲ್ಲೇ ಸೇರಿಹೋಗಿದೆ.

ನಾಲ್ಕರ ಹೊತ್ತಿಗೆ ಹಸಿವಾಯಿತು. ಹೋಳಿಗೆ ಕಣ್ಣೆದುರಿಗೇ ಇದೆ. ಆದರೆ ಮನೆಯವರು ತಗೊ ಅನ್ನದೆ ಬಂದವರು ತುತ್ತು ಮುಟ್ಟುವುದು ನಮ್ಮಲ್ಲಿ ಕಳ್ಳತನಕ್ಕೆ ಸಮ. ಎದುರಿಗೆ ಅಕ್ಕನೂ ನನ್ನ ಉಪ್ಪಿಟ್ಟಿನ ಮುಂದೆ ಕೈಕಟ್ಟಿ ಕೂತಿದ್ದಳು. ಎಪ್ಪತ್ತರ ಹತ್ತಿರದ ಹೆಂಗಸು, ಬೆಳಿಗ್ಗೆ ಏನು ತಿಂದಿದ್ದಳೋ. ಅವಳ ತಲೆ ಒಮ್ಮೆ ತೂಗಿ ಕಿಟಕಿಯ ಚೌಕಟ್ಟಿಗೆ ತಾಗಿದ್ದು ಕಂಡಿತು. ನನಗೆ ಇನ್ನು ತಡೆಯಲಾಗಲಿಲ್ಲ. ಹಿಡಿಕೆ ತಿರುಗಿಸಿ ಕಿಟಕಿ ತೆರೆದುಬಿಟ್ಟೆ.

ಗಲ್ಲಿಯ ಮುಖಗಳೆಲ್ಲ ಒಂದೇ ಸಲ ನನ್ನ ಕಡೆ ತಿರುಗಿದವು. ಗೆರೆ ಸಾಹೇಬರ ಧ್ವನಿವರ್ಧಕ ಕೂಡಲೇ ಎಚ್ಚೆತ್ತಿತು. "ಮನೆ ಸಂಖ್ಯೆ ಹನ್ನೆರಡರ ಕಿಟಕಿ ತೆರೆದಿದೆ. ದಂಡ, ಇಪ್ಪತ್ತೆರಡು ಸೆಂಟಿಮೀಟರ್ ಬೀದಿ. ಎದುರು ಮನೆಯ ಪಾಲಿಗೆ ಸೇರತಕ್ಕದ್ದು."

ನಮ್ಮ ಲೆಕ್ಕದಲ್ಲಿ ಅದು ಒಂದು ಗೇಣು. ನಾನು ತೆರೆದದ್ದು ಅಕ್ಕನ ಕಿಟಕಿ. ದಂಡ ಅಕ್ಕನಿಗೆ, ಗೇಣು ನನಗೆ. ಮನೆ ಹೊಕ್ಕು, ಕಿಟಕಿ ತೆರೆದು, ಕಂಬ ಕಿತ್ತುಕೊಂಡಳು ಅನ್ನುತ್ತಾರೆ. ಅಕ್ಕನೂ ಹಾಗೇ ಅಂದುಕೊಂಡರೆ? ಕಿಟಕಿ ಮುಚ್ಚಲೆಂದು ಕೈ ಚಾಚಿದೆ. ಅಷ್ಟರಲ್ಲಿ ಎದುರಿನ ಕಿಟಕಿ, ನನ್ನ ಕಿಟಕಿ, ಪೂರಾ ತೆರೆದುಕೊಂಡಿತು.

"ಕೊಡ್ರಿ ಸಾಹೇಬ್ರ, ಆಕೀಗೇ ಕೊಡ್ರಿ," ಅಂದಳು ಅಕ್ಕ. ದನಿ ಸ್ವಲ್ಪ ಒಡೆದಿತ್ತು, ಆದರೆ ಅವಳದೇ. "ಒಂದು ಗೇಣು ಯಾಕ, ಇಡೀ ಬೀದಿ ಕೊಡ್ರಿ. ಹನ್ನೊಂದು ವರ್ಷ ಆ ಬೀದಿ ಇಟ್ಕೊಂಡು ನಾ ಏನ್ ಉದ್ಧಾರ ಆದೆ?"

ಗೂಡಿನಲ್ಲಿ ಕಾಗದ ಸರಿದಾಡಿದ ಸದ್ದು. "ಮನೆ ಸಂಖ್ಯೆ ಹದಿಮೂರರ ಕಿಟಕಿಯೂ ತೆರೆದಿದೆ. ದಂಡ, ಇಪ್ಪತ್ತೆರಡು ಸೆಂಟಿಮೀಟರ್, ಎದುರು ಮನೆಗೆ." ಆಮೇಲೆ ಎರಡನ್ನೂ ಕೂಡಿಸಿ ಕಳೆದು ನೋಡಿ, "ಗೆರೆಯು ಇದ್ದಲ್ಲಿಯೇ ಇರುತ್ತದೆ," ಎಂದು ಹೇಳಿ ಧ್ವನಿವರ್ಧಕ ಆರಿಸಿಬಿಟ್ಟರು.

ಅಕ್ಕ ಕೂತಿದ್ದ ಕುರ್ಚಿಯನ್ನೊಮ್ಮೆ, ನೆಲವನ್ನೊಮ್ಮೆ ನೋಡಿದಳು. "ಏ ಕಾಶಿ, ಈ ಕುರ್ಚಿ ಕಿಟಕಿ ಮುಂದ ಯಾಕ ಇಟ್ಟೀ? ಕಾಲ ಊರಿ ಊರಿ ನೆಲದಾಗ ಕುಣಿ ಬಿದ್ದಾವು."

"ಬೆಳಕು ಬರ್ತದಂತ ಇಟ್ಟೀನಿ."

"ಬೆಳಕು ಹಿತ್ತಲ ಕಿಟಕ್ಯಾಗ ಬರ್ತದ. ಇಲ್ಲಿಂದ ನನ್ನ ಮನಿ ಅಷ್ಟಽ ಕಾಣ್ತದ."

ನಾನು ಕಾಲಿನ ಕಡೆ ನೋಡಿಕೊಂಡೆ. "ಅಕ್ಕಾ, ಈ ಮೆಟ್ಟು ಯಾವಾಗ ಹೊಲದಿ?" ಅಂದೆ.

"ಯಾವುದು?"

"ಹೆಬ್ಬಟ್ಟಿಗೆ ಜಾಗ ಬಿಟ್ಟಿದ್ದು."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಜಗಳ ಆಗಿದ್ದು ಬುಧವಾರ ಅಲ್ಲ? ಆ ಶನಿವಾರ ಹೊಲದೆ. ಮುಂದಿನ ಸೈರನ್ನಿಗೆ ಬರ್ತೀ ಅಂತ ತಿಳದಿದ್ದೆ."

ಗಲ್ಲಿಯ ಆಚೆ ಈಚೆ ಯಾರೂ ಮುಖ ತಿರುಗಿಸಲಿಲ್ಲ, ಎಲ್ಲರೂ ಸರಿಯಾಗಿ ಕೇಳಿಸಿಕೊಳ್ಳಲು ಗಾಜಿಗೆ ಕಿವಿ ಹಚ್ಚಿದ್ದರು. ಹಚ್ಚಲಿ. ನಾನು ಅಳುತ್ತಿದ್ದೆ, ನನಗೆ ನಾಚಿಕೆಯಾಗಲಿಲ್ಲ. "ಉಪ್ಪಿಟ್ಟು ಆರಿ ಕಲ್ಲಾಗೇದ ಅಕ್ಕಾ. ಒಲಿ ಹಚ್ಚಿ ಬಿಸಿ ಮಾಡ್ಕೊ. ತಗೊ, ತಿನ್ನು."

"ನೀ ತಿಂದಿಯೇನು?"

"ನೀ ತಗೊ ಅನ್ನದ ಹೆಂಗ ತಿನ್ನಲಿ?"

ಅಕ್ಕ ನನ್ನ ಉಪ್ಪಿಟ್ಟಿನ ತಟ್ಟೆಯನ್ನು ಕಿಟಕಿಯ ಹತ್ತಿರ ಎಳೆದುಕೊಂಡಳು. ಬಿಸಿ ಮಾಡಲಿಲ್ಲ, ಹಾಗೇ ಒಂದು ತುತ್ತು ಮುರಿದು ಬಾಯಿಗಿಟ್ಟು, ನಿಧಾನವಾಗಿ ಅಗಿದಳು. ಇನ್ನೊಂದು ತುತ್ತು ಮುರಿದಳು. ಆಮೇಲೆ ತಲೆ ಎತ್ತಿ, "ತಗೊ," ಅಂದಳು.

ನಾನು ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡೆ. ಅಗಿದೆ, ಆದರೆ ನುಂಗಲಾಗಲಿಲ್ಲ. ಎಂಟು ಹೆಜ್ಜೆಯ ಆಚೆಯಿಂದಲೇ ಅಕ್ಕನಿಗೆ ಅದು ಗೊತ್ತಾಯಿತು.

"ನೀರು ಕುಡಿ," ಅಂದಳು. "ಎಡಗೈ ಕಡೆ ಐತಿ ನೋಡು, ಹೂಜ್ಯಾಗ."